ಬಹುವಾರ್ಷಿಕವೆಂಬ ಭರವಸೆ

ಒಮ್ಮೆ ನೆಟ್ಟರೆ ವರ್ಷಾನುಗಟ್ಟಲೆ ಹೂ ಬಿಡುವ ಗಿಡಗಳಿಗೆ ಬಹುವಾರ್ಷಿಕವೆಂದು ಹೆಸರಿಟ್ಟವರು ಏಪ್ರಿಲ್ ತಿಂಗಳಿನಲ್ಲಿ ಕಲಬುರಗಿಗೆ ಬಂದಿರಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿ ತಣ್ಣಗೆ ಕುಳಿತಿದೆ. ನಮ್ಮೂರು ಅದರ ಅರ್ಧದಷ್ಟು ಎತ್ತರದಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ ಕುಳಿತಿದೆ. ಅಲ್ಲಿಂದ ಭಾವಮೈದುನನು ಜೋಪಾನವಾಗಿ ತಂದುಕೊಟ್ಟ ಜೆರೇನಿಯಂ ಗಿಡಗಳು ಹೋಳಿಹುಣ್ಣಿಮೆಯವರೆಗೆ ನಗುನಗುತ್ತಿದ್ದು ಯುಗಾದಿಯ ಹೊತ್ತಿಗೆ ಕಡ್ಡಿಗಳಾದವು. ಅವನು ಇಂದಿಗೂ ಫೋನಿನಲ್ಲಿ ಅವುಗಳ ಕ್ಷೇಮ ವಿಚಾರಿಸುತ್ತಾನೆ. ನನ್ನ ಹೆಂಡತಿ ಇಂದಿಗೂ "ಆರಾಮ ಅವ" ಎನ್ನುತ್ತಾಳೆ.

ಅಂಗಳಕ್ಕೆಲ್ಲ ಶಹಾಬಾದ್ ಪರಸಿಕಲ್ಲು ಹಾಸಿದ ಮೇಲೆ ಕಂಪೌಂಡಿನ ಗುಂಟ ಉಳಿದ ಎರಡು ಮೊಳ ಅಗಲದ ಪಟ್ಟಿಯೇ ನಮ್ಮ ಹೂದೋಟ. ಅಲ್ಲಿರುವುದು ತೊಗರಿಗೆ ಹೇಳಿ ಮಾಡಿಸಿದ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬಿ ಚಪ್ಪಲಿಯನ್ನು ಒಳಗೇ ಇರಿಸಿಕೊಳ್ಳುವ ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿ, ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಗಿಡದ ಬುಡಕ್ಕೆಂದು ಸುರಿದ ಕೊಡ ನೀರು ಆ ಬಿರುಕಿಗಿಳಿದರೆ, ಕೈಗಡ ಪಡೆದವನಂತೆ ಮತ್ತೆ ಮುಖ ತೋರಿಸುವುದಿಲ್ಲ. ಮರಳನ್ನೂ ತಿಪ್ಪೆಗೊಬ್ಬರವನ್ನೂ ಬೆರೆಸಿದ ಮೇಲಷ್ಟೇ ಅದು ಗುದ್ದಲಿಯ ಮಾತು ಕೇಳತೊಡಗಿತು.

ಇನ್ನು ಗುಲಾಬಿಯ ಕಥೆ. "ಒಮ್ಮಿ ಹಚ್ಚಿ ಬಿಡ್ರಿ ಸರ, ಹತ್ತ ವರ್ಷ ಹೊಳ್ಳಿ ನೋಡೋದು ಬ್ಯಾಡ" ಎಂದು ನರ್ಸರಿಯವನು ಕೊಟ್ಟ ಕಸಿ ಗುಲಾಬಿಯ ಮೇಲ್ಭಾಗವು ಮೊದಲ ಬಿಸಿಲಿಗೇ ಒಣಗಿತು. ಆದರೆ ಕಸಿಯ ಗಂಟಿನ ಕೆಳಗಿನಿಂದ ಕಾಡುಬುಡದ ಚಿಗುರೊಂದು ಎದ್ದು, ನೋಡನೋಡುತ್ತಿದ್ದಂತೆ ಕಂಪೌಂಡನ್ನು ದಾಟಿತು. "ಗುಲಾಬಿ ಭಾಳ ಛೊಲೊ ಬೆಳದದ ನೋಡ್ರಿ" ಎಂದು ದಾರಿಹೋಕರು ನಿಂತು ಹೊಗಳುವಾಗ, ಅದರಲ್ಲಿ ಒಂದು ಮೊಗ್ಗೂ ಇಲ್ಲವೆಂಬುದನ್ನು ಹೇಳಲು ನಮಗೆ ಬಾಯಿ ಬರಲಿಲ್ಲ. ಅದು ಈವರೆಗೆ ಹಿಡಿದು ನಿಲ್ಲಿಸಿರುವುದು ಕೊರಿಯರ್ ಹುಡುಗನ ಅಂಗಿಯ ತೋಳನ್ನು ಮಾತ್ರ.

ಉಳಿದುಕೊಂಡವುಗಳೆಂದರೆ, ವಿಷವೆಂಬ ಕಾರಣಕ್ಕೆ ಓಣಿಯ ಆಡುಗಳು ಮೂಸಿ ಬಿಟ್ಟ ಕಣಗಿಲೆ, ಗೇಟಿನ ಒಳಬದಿಯಲ್ಲಿದ್ದುದರಿಂದ ಅವುಗಳ ಬಾಯಿಗೆ ಎಟುಕದ ದಾಸವಾಳ ಮತ್ತು ಯಾರೂ ನೆಡದಿದ್ದರೂ ಪರಸಿಯ ಸಂದಿಯಲ್ಲಿ ಬೀಜ ಬಿದ್ದು ಹುಟ್ಟಿದ ನಿತ್ಯಪುಷ್ಪ. ಹೂಗಳಿಗೇನೂ ಕೊರತೆಯಿಲ್ಲ, ನಾವು ಏಳುವ ಹೊತ್ತಿಗೆ ಅವು ಗಿಡದಲ್ಲಿರುವುದಿಲ್ಲ, ಅಷ್ಟೇ. ಶ್ರಾವಣ ಬಂದರಂತೂ ನಸುಕಿನಲ್ಲೇ ಗೇಟಿನ ಚಿಲಕ ಸದ್ದಾಗುತ್ತದೆ. ಕಳೆದ ಸೋಮವಾರ ಪಕ್ಕದ ಮನೆಯ ಆಯಿಯವರು ತುಂಬಿದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ನನ್ನನ್ನು ಕಂಡು ಕಿಂಚಿತ್ತೂ ವಿಚಲಿತರಾಗದೆ ದೂರಿದರು: "ಏನಪ್ಪಾ, ಗೊಬ್ಬರ ಹಾಕೋದು ಬಿಟ್ಟೀಯೇನು? ದಾಸವಾಳ ಈ ಸಲ ಸಣ್ಣ ಆಗ್ಯಾವ."