ಸಿನಿಮಾ ಬಿಟ್ಟಿದ್ದನ್ನು ಪುಸ್ತಕ ಎತ್ತಿಟ್ಟುಕೊಂಡಿತ್ತು

1976ರ ಕೊನೆಗೆ ಅಮೆರಿಕದ ಅಂಗಡಿಗಳಿಗೆ 'ಸ್ಟಾರ್ ವಾರ್ಸ್' ಅನ್ನೋ ಒಂದು ಪೇಪರ್‌ಬ್ಯಾಕ್ ಕಾದಂಬರಿ ಬಂತು. ಸಿನಿಮಾ ಬಿಡುಗಡೆಯಾಗಿದ್ದು 1977ರ ಮೇ 25ರಂದು. ಅಂದರೆ ಸುಮಾರು ಅರ್ಧ ವರ್ಷ ಮೊದಲೇ ಇಡೀ ಕಥೆ, ಕ್ಲೈಮ್ಯಾಕ್ಸ್ ಸಮೇತ, ಪುಸ್ತಕ ಕೊಂಡವರ ಕೈಯಲ್ಲಿತ್ತು. ಮುಖಪುಟದಲ್ಲಿ ಸಿನಿಮಾದ ನಿರ್ದೇಶಕ ಜಾರ್ಜ್ ಲೂಕಸ್ ಹೆಸರಿತ್ತು. ಆದರೆ ಬರೆದವರು ಅಲನ್ ಡೀನ್ ಫಾಸ್ಟರ್, ಆಗಿನ್ನೂ ಮೂವತ್ತರ ಆಸುಪಾಸಿನ ಲೇಖಕ. ಅದೇ ಫಾಸ್ಟರ್ 2015ರಲ್ಲಿ ಅದೇ ಸರಣಿಯ 'ದಿ ಫೋರ್ಸ್ ಅವೇಕನ್ಸ್' ಸಿನಿಮಾದ ಕಾದಂಬರಿಯನ್ನೂ ಬರೆದರು. ಈ ಸಲ ಇ-ಪುಸ್ತಕ ಬಂದಿದ್ದು ಸಿನಿಮಾ ಬಂದ ದಿನ. ಅಚ್ಚಾದ ಪುಸ್ತಕ ಬಂದಿದ್ದು ಅದಾದ ಮೇಲೆ, 2016ರ ಜನವರಿಯಲ್ಲಿ. ಕಥೆ ಎಲ್ಲಿ ಮೊದಲೇ ಸೋರಿಹೋಗುತ್ತೋ ಅನ್ನೋ ಭಯ. ಒಂದು ಕಾಲದಲ್ಲಿ ಸಿನಿಮಾಗೆ ಜನರನ್ನು ಕರೆತರಲಿ ಅಂತ ಮುಂದೆ ಕಳಿಸಿದ್ದ ಪುಸ್ತಕ, ಈಗ ಸಿನಿಮಾ ಮುಗಿಯೋತನಕ ಬಾಗಿಲ ಹೊರಗೆ ನಿಲ್ಲಬೇಕು.

ಸಿನಿಮಾದಿಂದ ಹುಟ್ಟಿದ ಕಾದಂಬರಿಗಳು ನನಗೆ ತುಂಬಾ ಇಷ್ಟ. ಕಾದಂಬರಿ ಓದಿ ಸಿನಿಮಾ ಮಾಡೋದು ನಮಗೆಲ್ಲ ಗೊತ್ತು. ಇದು ಅದರ ತಿರುಗುಮುರುಗು. ಚಿತ್ರಕಥೆ ಮೊದಲು, ಅದನ್ನು ಹಿಡಿದು ಕಾದಂಬರಿ ಆಮೇಲೆ. ಸಾಹಿತ್ಯ ಓದುವವರು ಇವನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ. ಸಿನಿಮಾದ ನಕಲು, ದುಡ್ಡಿಗಾಗಿ ಬರೆದದ್ದು ಅಂತ ಪಕ್ಕಕ್ಕಿಡುತ್ತಾರೆ. ದುಡ್ಡಿಗಾಗಿ ಬರೆದದ್ದು ನಿಜ. ನಕಲು ಅನ್ನೋದು ಮಾತ್ರ ಸುಳ್ಳು. ಯಾಕೆಂದರೆ ಇವುಗಳಲ್ಲಿ ಹೆಚ್ಚಿನವನ್ನು ಬರೆದವರು ಆ ಸಿನಿಮಾವನ್ನು ನೋಡಿಯೇ ಇರಲಿಲ್ಲ!

ಕೆಲಸ ನಡೆಯುತ್ತಿದ್ದದ್ದು ಹೀಗೆ. ಚಿತ್ರೀಕರಣ ಇನ್ನೂ ನಡೀತಾ ಇರುವಾಗಲೇ ಸ್ಟುಡಿಯೋ ಒಬ್ಬ ಲೇಖಕರಿಗೆ ಚಿತ್ರಕಥೆಯ ಪ್ರತಿ ಕಳಿಸುತ್ತಿತ್ತು. ಜೊತೆಗೆ ಅದೃಷ್ಟ ಇದ್ದರೆ ಕೆಲವು ಫೋಟೋ. ಕೆಲವೇ ವಾರದಲ್ಲಿ ಪುಸ್ತಕ ಕೊಡಬೇಕು. ಚಿತ್ರಕಥೆ ಅಂದರೆ ಹೆಚ್ಚೂಕಡಿಮೆ ನೂರಿಪ್ಪತ್ತು ಪುಟ, ಅದರಲ್ಲೂ ಬರೀ ಮಾತು ಮತ್ತು ಚುಟುಕು ಸೂಚನೆ. ಪಾತ್ರ ಬಾಗಿಲು ತೆರೆದು ಒಳಗೆ ಬಂತು ಅಂತಿರುತ್ತೆ. ಬರುವಾಗ ಮನಸ್ಸಿನಲ್ಲಿ ಏನಿತ್ತು ಅಂತ ಇರೋದಿಲ್ಲ. ಅದನ್ನು ತುಂಬೋದು ಲೇಖಕರ ಕೆಲಸ. ಅಷ್ಟರಲ್ಲಿ ಅತ್ತ ನಿರ್ದೇಶಕರು ದೃಶ್ಯ ಬದಲಾಯಿಸುತ್ತಾರೆ, ಸಂಕಲನಕಾರರು ಕತ್ತರಿ ಹಾಕುತ್ತಾರೆ. ಇತ್ತ ಪುಸ್ತಕ ಅಚ್ಚಿಗೆ ಹೋಗಿಯಾಗಿರುತ್ತೆ. ಹಾಗಾಗಿ ಪುಸ್ತಕದಲ್ಲಿ ಉಳಿದಿದ್ದು ಎಷ್ಟೋ ಸಲ ತೆರೆಯ ಮೇಲೆ ಬರಲೇ ಇಲ್ಲದ ಇನ್ನೊಂದು ಸಿನಿಮಾ.

'ಏಲಿಯನ್' ತೆಗೆದುಕೊಳ್ಳಿ. ಅಂತರಿಕ್ಷ ಹಡಗೊಂದರಲ್ಲಿ ಅನ್ಯಗ್ರಹದ ಜೀವಿಯೊಂದು ಸಿಬ್ಬಂದಿಯನ್ನು ಒಬ್ಬೊಬ್ಬರನ್ನೇ ಬೇಟೆಯಾಡುವ 1979ರ ಆ ಸಿನಿಮಾದ ಕಾದಂಬರಿಯೂ ಫಾಸ್ಟರ್ ಅವರದ್ದೇ. ಕೊನೆಯ ಭಾಗದಲ್ಲಿ ನಾಯಕಿ ರಿಪ್ಲಿ ಹಡಗಿನ ಕೆಳಗಡೆ ಇಳಿದಾಗ ಕ್ಯಾಪ್ಟನ್ ಡಲಾಸ್ ಸಿಗುತ್ತಾನೆ. ಸತ್ತಿಲ್ಲ. ಗೂಡಿನಂಥ ಒಂದರಲ್ಲಿ ಸಿಕ್ಕಿಕೊಂಡು, ನನ್ನನ್ನು ಸಾಯಿಸು ಅಂತ ಬೇಡಿಕೊಳ್ಳುತ್ತಾನೆ. ಸಿನಿಮಾದಲ್ಲಿ ಈ ದೃಶ್ಯ ತೆಗೆದುಹಾಕಿದರು. 2003ರ ಡೈರೆಕ್ಟರ್ಸ್ ಕಟ್‌ನಲ್ಲಿ, ಅಂದರೆ ನಿರ್ದೇಶಕರು ಮತ್ತೆ ಜೋಡಿಸಿದ ಆವೃತ್ತಿಯಲ್ಲಿ ಮಾತ್ರ, ಮತ್ತೆ ಸೇರಿಸಿದರು. ನಡುವಿನ ಇಪ್ಪತ್ತನಾಲ್ಕು ವರ್ಷ ಡಲಾಸ್‌ಗೆ ಏನಾಯಿತು ಅಂತ ಆ ಅಗ್ಗದ ಪುಸ್ತಕ ಓದಿದವರಿಗೆ ಗೊತ್ತಿತ್ತು, ಟಿಕೆಟ್ ಕೊಂಡು ನೋಡಿದವರಿಗೆ ಗೊತ್ತಿರಲಿಲ್ಲ. ಇನ್ನೂ ಒಂದು ವಿಷಯ ಇದೆ. ಆ ಜೀವಿ ಹೇಗಿರುತ್ತೆ ಅಂತ ಸ್ಟುಡಿಯೋದವರು ತಮಗೆ ತೋರಿಸಲೇ ಇಲ್ಲ ಅಂತ ಫಾಸ್ಟರ್ ಹೇಳಿಕೊಂಡಿದ್ದಾರೆ. ಹಾಗಾಗಿ ಪುಸ್ತಕದ ಜೀವಿಗೆ ಸರಿಯಾದ ಆಕಾರವೇ ಇಲ್ಲ. ಓದುವವರು ತಮ್ಮ ತಮ್ಮ ಭಯಕ್ಕೆ ತಕ್ಕ ಹಾಗೆ ಅದನ್ನು ಕಟ್ಟಿಕೊಳ್ಳಬೇಕು. ನಾನು ಪುಸ್ತಕವನ್ನೇ ಮೊದಲು ಓದಿದ್ದು. ಆಮೇಲೆ ಸಿನಿಮಾದಲ್ಲಿ ಕಂಡ ಆ ಪ್ರಸಿದ್ಧ ಪ್ರಾಣಿಗಿಂತ ನನ್ನ ತಲೆಯೊಳಗಿದ್ದದ್ದೇ ಇವತ್ತಿಗೂ ನನಗೆ ಜಾಸ್ತಿ ಭಯ.

ವೈಜ್ಞಾನಿಕ ಕಥೆಗಳ ದೊಡ್ಡ ಲೇಖಕ ಐಸಾಕ್ ಅಸಿಮೋವ್ ಅಂಥವರೂ ಈ ಕೆಲಸ ಮಾಡಿದ್ದಾರೆ. 1966ರ 'ಫೆಂಟಾಸ್ಟಿಕ್ ವಾಯೇಜ್'. ವಿಜ್ಞಾನಿಯೊಬ್ಬರ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದನ್ನು ಕರಗಿಸಲು ಒಂದು ಸಬ್‌ಮರೀನನ್ನೂ ಅದರಲ್ಲಿರುವವರನ್ನೂ ಕಣ್ಣಿಗೆ ಕಾಣದಷ್ಟು ಕುಗ್ಗಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಅರವತ್ತು ನಿಮಿಷದೊಳಗೆ ಹೊರಗೆ ಬರಬೇಕು. ಆಮೇಲೆ ಎಲ್ಲ ಮೊದಲಿನ ಗಾತ್ರಕ್ಕೆ ಬೆಳೆಯುತ್ತೆ. ಕೊನೆಗೆ ಒಂದು ಬಿಳಿ ರಕ್ತಕಣ ಸಬ್‌ಮರೀನನ್ನೇ ನುಂಗುತ್ತೆ, ಜನ ಕಣ್ಣೀರಿನ ಜೊತೆ ಕಣ್ಣಿನಿಂದ ಈಚೆ ಬರುತ್ತಾರೆ. ಸಿನಿಮಾ ಅಲ್ಲಿಗೆ ಸುಖಾಂತ. ಅಸಿಮೋವ್‌ಗೆ ಇದು ಒಪ್ಪಿಗೆಯಾಗಲಿಲ್ಲ. ನುಂಗಿದ ಮಾತ್ರಕ್ಕೆ ಸಬ್‌ಮರೀನ್ ಇಲ್ಲವಾಗುತ್ತಾ? ಚೂರುಚೂರಾಗಿ ಒಳಗೇ ಇದ್ದರೂ ಅದು ಬೆಳೆಯಲೇಬೇಕು, ಬೆಳೆದರೆ ರೋಗಿ ಉಳಿಯೋದಿಲ್ಲ. ಹಾಗಾಗಿ ಪುಸ್ತಕದಲ್ಲಿ ಅವರು ಆ ಬಿಳಿ ರಕ್ತಕಣ ಇವರ ಬೆನ್ನುಹತ್ತಿ ಬರುವ ಹಾಗೆ ಮಾಡಿ, ಸಬ್‌ಮರೀನ್ ಸಮೇತ ಅದನ್ನೂ ಈಚೆ ತಂದರು. ಎಂಥ ಜವಾಬ್ದಾರಿ ನೋಡಿ. ಸ್ಟುಡಿಯೋದವರು ಕೇಳಿರಲಿಲ್ಲ. ಆದರೂ ತಮ್ಮ ಹೆಸರಿನ ಕೆಳಗೆ ತಪ್ಪು ಲೆಕ್ಕ ಇರಬಾರದು ಅಂತ ಕೂತು ಸರಿಮಾಡಿದರು. ಅವರು ಎಷ್ಟು ಬೇಗ ಬರೆದರೆಂದರೆ ಪುಸ್ತಕ ಸಿನಿಮಾಗಿಂತ ತಿಂಗಳುಗಟ್ಟಲೆ ಮೊದಲು ಬಂತು. ಅವರ ಕಾದಂಬರಿ ಆಧರಿಸಿಯೇ ಸಿನಿಮಾ ಮಾಡಿದ್ದಾರೆ ಅಂತ ಎಷ್ಟೋ ಜನ ಇಂದಿಗೂ ನಂಬಿದ್ದಾರೆ.

1982ರ 'ಇ.ಟಿ.' ಕಾದಂಬರಿ ಬರೆದವರು ವಿಲಿಯಂ ಕೋಟ್ಸ್‌ವಿಂಕಲ್. ಸಿನಿಮಾದಲ್ಲಿ ಇ.ಟಿ. ಭೂಮಿಯಲ್ಲಿ ಸಿಕ್ಕಿಕೊಂಡ ಅನ್ಯಗ್ರಹದ ಒಂದು ಮುದ್ದು ಜೀವಿ. ಪುಸ್ತಕದಲ್ಲಿ ಬಹಳ ವಯಸ್ಸಾದ, ದಣಿದ, ತನ್ನವರಿಂದ ದೂರವಾದ ಸಸ್ಯತಜ್ಞ. ತನ್ನನ್ನು ಬಚ್ಚಿಟ್ಟುಕೊಂಡ ಮಕ್ಕಳ ತಾಯಿ ಮೇರಿಯನ್ನು ಒಳಗೊಳಗೇ ಪ್ರೀತಿಸುತ್ತಾನೆ. ಆಕೆಗೆ ಅದು ಗೊತ್ತೇ ಆಗೋದಿಲ್ಲ. ಮಕ್ಕಳ ಸಿನಿಮಾದ ಪುಸ್ತಕದಲ್ಲಿ ಇಷ್ಟೊಂದು ಒಂಟಿತನ ಇಡಲು ಧೈರ್ಯ ಬೇಕು. ಇದನ್ನು ನಕಲು ಅಂತ ಹೇಗೆ ಕರೆಯೋದು?

ನಮ್ಮಲ್ಲಿ ಇವು ಸಿಗುತ್ತಿದ್ದದ್ದು ಫುಟ್‌ಪಾತಿನಲ್ಲಿ. ಅವೆನ್ಯೂ ರಸ್ತೆಯಲ್ಲಿ ಗೈಡುಗಳ ರಾಶಿಯ ಪಕ್ಕ, ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಇಂಗ್ಲಿಷ್ ಕಪಾಟಿನಲ್ಲಿ. ಒಂದನ್ನು ಕೈಗೆತ್ತಿಕೊಂಡರೆ ಮೊದಲು ನೋಡುತ್ತಿದ್ದದ್ದು ನಡುಭಾಗ. ಅಲ್ಲಿ ನುಣುಪು ಕಾಗದದ ಮೇಲೆ ಸಿನಿಮಾದ ಸ್ಟಿಲ್‌ಗಳು ಇರುತ್ತಿದ್ದವು. ಉಳಿದ ಹಾಳೆಗಳೆಲ್ಲ ಅಂಚಿನಿಂದ ಒಳಕ್ಕೆ ಹಳದಿಯಾಗಿದ್ದರೂ ಈ ಕೆಲವು ಹಾಳೆ ಮಾತ್ರ ಹೊಸದರಂತೆ ಹೊಳೆಯುತ್ತಿದ್ದವು. ಅಂಟು ಒಣಗಿ ಪುಸ್ತಕ ಸರಿಯಾಗಿ ಅಲ್ಲೇ ಬಾಯಿಬಿಡುತ್ತಿತ್ತು. ಎಷ್ಟೋ ಪ್ರತಿಗಳಲ್ಲಿ ಆ ಫೋಟೋಗಳನ್ನು ಯಾರೋ ಮೊದಲೇ ಹರಿದುಕೊಂಡು ಹೋಗಿರುತ್ತಿದ್ದರು. ಇಂಗ್ಲಿಷ್ ಸಿನಿಮಾ ಆಗ ಸಣ್ಣ ಊರುಗಳಿಗೆ ಬರೋಕೆ ವರ್ಷಗಳೇ ಹಿಡಿಯುತ್ತಿತ್ತು. ಎಷ್ಟೋ ಬರಲೇ ಇಲ್ಲ. ನನ್ನಂಥವರಿಗೆ ಪುಸ್ತಕವೇ ಸಿನಿಮಾ. ಆ ಕೆಲವು ಫೋಟೋದಿಂದ ಮುಖಗಳನ್ನು ಎರವಲು ತಂದುಕೊಂಡು ಮಿಕ್ಕಿದ್ದನ್ನೆಲ್ಲ ನಾವೇ ಚಿತ್ರೀಕರಿಸಿಕೊಳ್ಳುತ್ತಿದ್ದೆವು.

ಆ ಅನುಭವ ಅಮೆರಿಕ, ಬ್ರಿಟನ್ನಿನ ಮಕ್ಕಳಿಗೂ ಇತ್ತು. ವಿಡಿಯೋ ಕ್ಯಾಸೆಟ್ ಮನೆಮನೆಗೆ ಬರುವ ಮುಂಚೆ ಸಿನಿಮಾ ಟಾಕೀಸಿನಿಂದ ಎತ್ತಂಗಡಿಯಾದರೆ ಮುಗೀತು. ಮತ್ತೆ ಆ ಕಥೆಯೊಳಗೆ ಹೋಗಲು ಇದ್ದ ದಾರಿ ಪುಸ್ತಕ ಒಂದೇ. ಬ್ರಿಟನ್ನಿನ 'ಡಾಕ್ಟರ್ ಹೂ' ಟಿವಿ ಸರಣಿಯ ಕಥೆ ಇನ್ನೂ ವಿಚಿತ್ರ. ಬಿಬಿಸಿ 1960ರ ದಶಕದ ಎಷ್ಟೋ ಟೇಪುಗಳನ್ನು ಅಳಿಸಿಬಿಟ್ಟಿತು. ಸುಮಾರು ನೂರು ಕಂತುಗಳ ದೃಶ್ಯ ಇಲ್ಲವಾದವು. 1973ರಿಂದ ಟಾರ್ಗೆಟ್ ಅನ್ನೋ ಪ್ರಕಾಶನ ಈ ಕಥೆಗಳನ್ನು ಸಣ್ಣ ಸಣ್ಣ ಪುಸ್ತಕಗಳಾಗಿ ತಂದಿತು. ಟೆರೆನ್ಸ್ ಡಿಕ್ಸ್ ಒಬ್ಬರೇ ಅರವತ್ತಕ್ಕೂ ಹೆಚ್ಚು ಬರೆದರು. ಸರಳ ವಾಕ್ಯ, ಚುರುಕು ನಿರೂಪಣೆ. ಓದಿನ ರುಚಿ ಹತ್ತಿದ್ದೇ ಡಿಕ್ಸ್ ಪುಸ್ತಕಗಳಿಂದ ಅಂತ ಹೇಳುವ ಒಂದು ಇಡೀ ತಲೆಮಾರು ಅಲ್ಲಿದೆ. ಅಳಿಸಿಹೋದ ಕಥೆಗಳು ಮಕ್ಕಳ ಕಪಾಟಿನಲ್ಲಿ ಬದುಕಿದವು.

ಇಷ್ಟೆಲ್ಲ ಮಾಡಿದ ಲೇಖಕರಿಗೆ ಮರ್ಯಾದೆ ಸಿಕ್ಕಿದ್ದು ಕಡಿಮೆ. ಅವರಿಗೂ ಒಂದು ಸಂಘ ಇರಲಿ ಅಂತ ಮ್ಯಾಕ್ಸ್ ಅಲನ್ ಕಾಲಿನ್ಸ್ ಮತ್ತು ಲೀ ಗೋಲ್ಡ್‌ಬರ್ಗ್ 2006ರಲ್ಲಿ ಒಂದನ್ನು ಕಟ್ಟಿದರು, ಸ್ಕ್ರೈಬ್ ಅನ್ನೋ ಪ್ರಶಸ್ತಿಯನ್ನೂ ಶುರುಮಾಡಿದರು. ಕಾಲಿನ್ಸ್ ಅವರಿಗೇ ಆದದ್ದು ಕೇಳಿದರೆ ಹೊಟ್ಟೆ ಉರಿಯುತ್ತೆ. 'ರೋಡ್ ಟು ಪರ್ಡಿಶನ್' ಮೂಲತಃ ಅವರದೇ ಗ್ರಾಫಿಕ್ ಕಾದಂಬರಿ. ಸಿನಿಮಾ ಆದಮೇಲೆ ಅದರ ಕಾದಂಬರಿ ಬರೆಯಲು ಅವರೇ ಕೂತರೆ, ಚಿತ್ರಕಥೆಯಲ್ಲಿ ಇಲ್ಲದ್ದನ್ನೆಲ್ಲ ತೆಗೆಯಿರಿ ಅಂತ ಸ್ಟುಡಿಯೋ ಕತ್ತರಿಸಿತು. ತಾನೇ ಹುಟ್ಟಿಸಿದ ಪಾತ್ರದ ಬಗ್ಗೆ ತಾನೇ ಬರೆಯುವ ಹಾಗಿಲ್ಲ! ಪೂರ್ತಿ ಪ್ರತಿ ಅಚ್ಚಾಗಲು 2016ರವರೆಗೆ ಕಾಯಬೇಕಾಯಿತು. ಫಾಸ್ಟರ್ 2020ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ತಮ್ಮ 'ಸ್ಟಾರ್ ವಾರ್ಸ್' ಮತ್ತು 'ಏಲಿಯನ್' ಪುಸ್ತಕಗಳ ಗೌರವಧನ, ಅವುಗಳ ಹಕ್ಕು ಈಗ ಹೊಂದಿರುವ ಡಿಸ್ನಿಯಿಂದ ಬಂದಿಲ್ಲ ಅಂತ ಬಹಿರಂಗವಾಗಿ ಪತ್ರ ಬರೆಯಬೇಕಾಯಿತು. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ಬೆನ್ನಿಗೆ ನಿಂತ ಮೇಲೆ, ಮರುವರ್ಷ ಆ ವಿಷಯ ಇತ್ಯರ್ಥವಾಯಿತು.

ಇವು ಯಾಕೆ ಕಡಿಮೆಯಾದವು ಅನ್ನೋದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಮೊದಲು ವಿಡಿಯೋ ಕ್ಯಾಸೆಟ್, ಆಮೇಲೆ ಕತ್ತರಿಸಿದ ದೃಶ್ಯಗಳನ್ನೂ ಸೇರಿಸಿ ಕೊಟ್ಟ ಡಿವಿಡಿ, ಈಗ ಮೊಬೈಲಿನಲ್ಲೇ ಎಲ್ಲ. ಅದರ ಜೊತೆಗೆ ಆ ಅಗ್ಗದ ಪೇಪರ್‌ಬ್ಯಾಕೇ ಹೋಗುತ್ತಿದೆ. ಅಮೆರಿಕದಲ್ಲಿ 2004ರಲ್ಲಿ 13.1 ಕೋಟಿ ಮಾರಾಟವಾಗಿದ್ದ ಆ ಜೇಬುಗಾತ್ರದ ಪುಸ್ತಕಗಳು 2024ರಲ್ಲಿ 2.1 ಕೋಟಿಗೆ ಇಳಿದವು. ಬಸ್ ನಿಲ್ದಾಣ, ದಿನಸಿ ಅಂಗಡಿಗಳಲ್ಲಿ ತಿರುಗುವ ಸ್ಟ್ಯಾಂಡಿನಲ್ಲಿ ಮಾರುವಂಥದ್ದೇ ಇಲ್ಲ ಅಂದಮೇಲೆ ಇವು ಎಲ್ಲಿ ಕೂರಬೇಕು?

ಆದರೆ ಒಂದು ಮಾತು ನಾನು ಒಪ್ಪೋದಿಲ್ಲ. ಸಿನಿಮಾ ಯಾವಾಗ ಬೇಕಾದರೂ ನೋಡಬಹುದಾದ್ದರಿಂದ ಈ ಪುಸ್ತಕಗಳ ಅಗತ್ಯ ಮುಗಿಯಿತು ಅನ್ನೋ ಮಾತು. ಮತ್ತೆ ನೋಡೋದು ಬೇರೆ, ಒಳಗೆ ಹೋಗೋದು ಬೇರೆ. 'ಸ್ಟಾರ್ ವಾರ್ಸ್' ಸರಣಿಯ, ಮ್ಯಾಥ್ಯೂ ಸ್ಟೋವರ್ ಬರೆದ 'ರಿವೆಂಜ್ ಆಫ್ ದಿ ಸಿತ್' 2005ರದ್ದು, ಡಿವಿಡಿ ಕಾಲದ್ದು. ಸಿನಿಮಾದಲ್ಲಿ ನಾಯಕ ಅನಾಕಿನ್ ಕೆಟ್ಟವನಾಗೋದು ಇದ್ದಕ್ಕಿದ್ದ ಹಾಗೆ ಅನಿಸುತ್ತೆ. ಸ್ಟೋವರ್ ಅವನ ಒಳಗೆ ಕೂತು, ಅವನ ಭಯ ಹೇಗೆ ಬೆಳೀತು ಅಂತ ಪುಟಪುಟವಾಗಿ ತೋರಿಸುತ್ತಾರೆ. ಕೊನೆಗೆ ಅವನು ಬೀಳುವಾಗ ನಮಗೆ ಆಶ್ಚರ್ಯ ಆಗೋದಿಲ್ಲ, ಸಂಕಟ ಆಗುತ್ತೆ. ಸಿನಿಮಾಗಿಂತ ಪುಸ್ತಕವೇ ಮೇಲು ಅನ್ನುವ ಅಭಿಮಾನಿಗಳು ಸಾಕಷ್ಟಿದ್ದಾರೆ. ನಾನೂ ಅವರಲ್ಲೊಬ್ಬ. ಜಪಾನಿನಲ್ಲಿ ಮಕೋಟೊ ಶಿಂಕೈ ತಮ್ಮ 'ಯುವರ್ ನೇಮ್' ಚಿತ್ರದ ಕಾದಂಬರಿಯನ್ನು ತಾವೇ ಬರೆದು 2016ರಲ್ಲಿ ಸಿನಿಮಾಗಿಂತ ಮೊದಲೇ ಪ್ರಕಟಿಸಿದರು. ಕಥೆ ಗೊತ್ತಾಗಿದ್ದರಿಂದ ಜನ ಟಾಕೀಸಿಗೆ ಹೋಗೋದನ್ನೇನೂ ಬಿಡಲಿಲ್ಲ. 2021ರಲ್ಲಿ ನಿರ್ದೇಶಕ ಟ್ಯಾರಂಟಿನೋ ತಮ್ಮದೇ ಸಿನಿಮಾ 'ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್'ನ ಕಾದಂಬರಿಯನ್ನು ಹಳೇ ಕಾಲದ ಪೇಪರ್‌ಬ್ಯಾಕಿನ ಅಳತೆಯಲ್ಲೇ ತಂದರು. ಸಿನಿಮಾದ ಕ್ಲೈಮ್ಯಾಕ್ಸನ್ನು ಅದರಲ್ಲಿ ಎಲ್ಲೋ ಮೊದಲ ಭಾಗದಲ್ಲೇ ಸುಮ್ನೆ ಹೇಳಿ ಮುಂದೆ ಹೋಗಿಬಿಡುತ್ತಾರೆ.

ಕನ್ನಡದಲ್ಲಿ ನಾವು ನಡೆದದ್ದು ಬಹುತೇಕ ಇನ್ನೊಂದು ದಾರಿ. ತ.ರಾ.ಸು., ತ್ರಿವೇಣಿ, ಟಿ.ಕೆ. ರಾಮರಾವ್, ಎಂ.ಕೆ. ಇಂದಿರಾ ಅವರ ಕಾದಂಬರಿಗಳೇ ಸಿನಿಮಾ ಆದವು. ಪಕ್ಕದ ತೆಲುಗಿನಲ್ಲಿ ಸಿನಿಮಾವನ್ನು ಕಾದಂಬರಿ ಮಾಡುವ 'ವೆಂಡಿತೆರ ನವಲ'ಗಳು ಇದ್ದವು. ಮುಳ್ಳಪೂಡಿ ವೆಂಕಟರಮಣ ಅವರಂಥ ದೊಡ್ಡ ಲೇಖಕರೇ ಅವನ್ನು ಬರೆದರು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಅಂದರೆ ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ. ತಾರಾಗಣ, ಹಾಡುಗಳು, ಮತ್ತು ಒಂದೆರಡು ಪುಟದ ಕಥಾಸಾರಾಂಶ. ಆ ಸಾರಾಂಶ ಬರೆದವರ ಹೆಸರು ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ. ಆದರೆ ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾಯಕಿ ಮನೆ ಬಿಟ್ಟಳು, ನಾಯಕನ ಮೇಲೆ ಕೊಲೆ ಆರೋಪ ಬಂತು, ಮುಂದೇನಾಯಿತು ಅನ್ನೋದನ್ನು ಬೆಳ್ಳಿತೆರೆಯ ಮೇಲೆ ನೋಡಿ!

ಇದನ್ನು ನಾನು ಬರೀ ಹಳೇ ನೆನಪಿಗಾಗಿ ಹೇಳುತ್ತಿಲ್ಲ. 1934ರ 'ಸತಿ ಸುಲೋಚನ' ಕನ್ನಡದ ಮೊದಲ ವಾಕ್ಚಿತ್ರ. ಅದರ ಪ್ರಿಂಟ್ ಇಂದು ಉಳಿದಿಲ್ಲ. ಕಥೆ ರಾಮಾಯಣದ್ದು, ಎಲ್ಲರಿಗೂ ಗೊತ್ತು. ಆದರೆ ಅವರು ಅದನ್ನು ಹೇಗೆ ಶುರುಮಾಡಿದರು, ಯಾವ ದೃಶ್ಯ ಎಷ್ಟು ಹೊತ್ತು ನಿಂತಿತು, ಸುಲೋಚನೆ ಕೊನೆಗೆ ಏನು ಮಾತಾಡಿದಳು, ಇದನ್ನು ಯಾರಾದರೂ ಅಂದು ಒಂದು ಕಾದಂಬರಿಯಂತೆ ಬರೆದಿಟ್ಟಿದ್ದರೆ ಇವತ್ತು ನಮ್ಮ ಕೈಯಲ್ಲಿ ಇರುತ್ತಿತ್ತು ಅಲ್ವಾ? ಇವತ್ತು ಓಟಿಟಿಯಲ್ಲಿದೆ ಅಂತ ನಿಶ್ಚಿಂತೆಯಿಂದ ಇರುವ ಎಷ್ಟೋ ಸಿನಿಮಾ ನಾಳೆ ಬೆಳಗ್ಗೆ ಅಲ್ಲಿಂದ ಮಾಯವಾಗಬಹುದು. ಹೊಸ ನಿರ್ದೇಶಕರ ಕಂಪ್ಯೂಟರುಗಳಲ್ಲಿ ಎಷ್ಟು ಚಿತ್ರಕಥೆಗಳಿವೆ, ಅವುಗಳಲ್ಲಿ ಬಜೆಟ್ ಸಾಲದೆ ಬಿಟ್ಟ ಎಷ್ಟು ದೃಶ್ಯಗಳಿವೆ. ಅವನ್ನು ನಮ್ಮ ಯುವ ಕಾದಂಬರಿಕಾರರ ಕೈಗೆ ಕೊಡಿ. ಹೆಸರು ಮುಖಪುಟದಲ್ಲಿ ಹಾಕಿ, ಸರಿಯಾದ ದುಡ್ಡು ಕೊಡಿ, ಕತ್ತರಿ ಹಾಕಬೇಡಿ.

ನಿಮ್ಮ ಮನೆಯಲ್ಲಿ ಅಪ್ಪನದೋ ಅಜ್ಜಿಯದೋ ಟ್ರಂಕಿನಲ್ಲಿ ಹಳೇ ಹಾಡಿನ ಪುಸ್ತಕ ಇದ್ದರೆ, ಹಾಡಿನ ಪುಟ ಬೇಡ, ಅವು ಎಲ್ಲ ಕಡೆ ಸಿಗುತ್ತವೆ. ಕಥಾಸಾರಾಂಶದ ಪುಟ ಸರಿಯಾದ ಬೆಳಕಿನಲ್ಲಿ ಫೋಟೋ ತೆಗೆದು ಕಾಮೆಂಟಿನಲ್ಲಿ ಹಾಕಿ. ಚಿತ್ರದ ಹೆಸರು, ವರ್ಷ, ಮುದ್ರಣಾಲಯದ ಹೆಸರು ಕಾಣುವ ಹಾಗಿರಲಿ. ನಾನು ಕೂತು ಒಂದೊಂದನ್ನೇ ಟೈಪ್ ಮಾಡುತ್ತೇನೆ.