18 ಗ್ರಾಮ್ ಇರಲಿ, ಮೊದಲು ಮೊಬೈಲ್ ನಂಬರ್ ಹೇಳಿ

ಕಾಫಿ ಕೆಡಿಸುವುದು ನೀವಂದುಕೊಂಡಷ್ಟು ಸಲೀಸಲ್ಲ. ಚಿಕ್ಕಮಗಳೂರಿನ ಗಿಡ ಹೂಮಳೆಗೆ ಹೂಬಿಟ್ಟು, ಅರೇಬಿಕಾ ಹಣ್ಣಾಗಲು ಎಂಟೊಂಬತ್ತು ತಿಂಗಳು ಕಾದು, ಕೈಯಲ್ಲಿ ಕುಯ್ಲಾಗಿ, ಕಣದಲ್ಲಿ ಒಣಗಿ ಬಂದ ಬೀಜ ಅದು. ಇಷ್ಟೆಲ್ಲ ದಾಟಿ ಬಂದಿದ್ದನ್ನು ಬೆಂಗಳೂರಿನ ಮಾಲ್‌ನಲ್ಲಿ ಅರ್ಧ ನಿಮಿಷಕ್ಕೆ ಹಾಳುಮಾಡಲು ಒಬ್ಬಿಬ್ಬರಿಂದ ಆದೀತೆ? ಅದಕ್ಕೊಂದು ಹೆಡ್ಡಾಫೀಸು ಬೇಕು, ಒಂದು ಆ್ಯಪ್ ಬೇಕು, ಮೂರು ಸೈಜಿನ ಲೋಟ ಬೇಕು.

ಶುರುವಾಗುವುದು ಗ್ರೈಂಡರ್‌ನಿಂದ. ಪುಡಿಯೊಳಗೆ ಬಿಸಿನೀರು ಒತ್ತಿ ಇಳಿಸುವ ಗಟ್ಟಿ ಕಾಫಿಯೇ ಎಸ್ಪ್ರೆಸೊ, ಅದರ ಲೆಕ್ಕ ಏನೂ ಗುಟ್ಟಲ್ಲ: 18 ಗ್ರಾಮ್ ಪುಡಿ, 9 ಬಾರ್ ಒತ್ತಡ, 25ರಿಂದ 30 ಸೆಕೆಂಡು, ಕೆಳಗಿಳಿಯಬೇಕಾದ್ದು ಸುಮಾರು 36 ಗ್ರಾಮ್. ಆದರೆ ಗಾಳಿಯಲ್ಲಿ ತೇವ ಏರಿದರೆ, ಬೀಜ ವಾರದಷ್ಟು ಹಳತಾದರೆ ಈ ಲೆಕ್ಕ ಜಾರುತ್ತದೆ. ಹಾಗಾಗಿ ಬೆಳಿಗ್ಗೆ ಬಾಗಿಲು ತೆಗೆದವರು ಎರಡು ಮೂರು ಶಾಟ್ ಎಸ್ಪ್ರೆಸೊ ಇಳಿಸಿ, ತೂಗಿ, ರುಚಿ ನೋಡಿ ಗ್ರೈಂಡರನ್ನು ಒಂದು ಗೆರೆ ಆಚೀಚೆ ತಿರುಗಿಸಬೇಕು. ಆ ಎರಡು ಮೂರು ಶಾಟ್ ಸಿಂಕಿಗೆ ಹೋಗುತ್ತವಲ್ಲ, ಹೆಡ್ಡಾಫೀಸಿನ ಎಕ್ಸೆಲ್ ಶೀಟಿನಲ್ಲಿ ಅದರ ಹೆಸರು ವೇಸ್ಟೇಜ್. ವೇಸ್ಟೇಜ್ ತಪ್ಪಿಸಲು ಅವನ್ನೀಗ ಸಿಂಕಿನ ಬದಲು ಗಿರಾಕಿಗೆ ಕೊಡಲಾಗುತ್ತಿದೆ.

ಪುಡಿ ದಪ್ಪಗಿದ್ದರೆ 12 ಸೆಕೆಂಡಿಗೆಲ್ಲ ಬಳಬಳ ಸುರಿದು ಹುಳಿ. ತೀರಾ ನುಣ್ಣಗಿದ್ದರೆ 45 ಸೆಕೆಂಡು ತೊಟ್ಟಿಕ್ಕಿ ಕಹಿ. ಎರಡಕ್ಕೂ ಮದ್ದು ಒಂದೇ, ಹೇಝಲ್‌ನಟ್ ಸಿರಪ್. ಅದಕ್ಕೆ ಬೇರೆ ದುಡ್ಡು.

ಹಾಲಿನ ಪಾಡು ಕೇಳಲೇಬೇಡಿ. ತಣ್ಣನೆಯ ಹಾಲಿನಲ್ಲಿ ಸ್ಟೀಮ್ ನಳಿಗೆಯ ತುದಿ ಮುಳುಗಿಯೂ ಮುಳುಗದ ಹಾಗಿರಬೇಕು. ಮೊದಲ ಕೆಲವು ಸೆಕೆಂಡು ಕಾಗದ ಹರಿದಂತೆ ಚರ್ ಚರ್ ಸದ್ದು, ಆಮೇಲೆ ತುದಿಯನ್ನು ಒಳಗಿಳಿಸಿ ಸುಳಿ ಎಬ್ಬಿಸಿ, 60–65 ಡಿಗ್ರಿಗೆ ನಿಲ್ಲಿಸಬೇಕು. 70 ದಾಟಿತೋ, ಸಿಹಿ ಅಡಗಿ ಬೆಂದ ವಾಸನೆ. ಇಲ್ಲಿ ಹಿಂದಿನ ಆರ್ಡರಿನಲ್ಲಿ ಉಳಿದ ಹಾಲನ್ನೇ ಮತ್ತೆ ಕಾಯಿಸುವುದರಿಂದ ನೊರೆಯ ಬದಲು ಬಟ್ಟೆ ಸೋಪಿನ ಗುಳ್ಳೆ ಏಳುತ್ತದೆ. ಅದರ ಮೇಲೊಂದು ಹೃದಯ ಬರೆಯಲು ಹೋದರೆ ಬದನೆಕಾಯಿ ಮೂಡುತ್ತದೆ. ನಳಿಗೆ ಒರೆಸುವ ಬಟ್ಟೆ ಟೇಬಲ್ಲನ್ನೂ ಒರೆಸಿ ಬಂದಿರುತ್ತದೆ, ಪಾಪ, ಅದಕ್ಕೂ ಡಬಲ್ ಡ್ಯೂಟಿ.

ಹುಡುಗರನ್ನು ಬಯ್ದು ಫಲವಿಲ್ಲ. ಶಿಫ್ಟಿಗೆ ಇಬ್ಬರು: ಬಿಲ್ಲು, ಕಾಫಿ, ಪಾತ್ರೆ, ಜೊತೆಗೆ ಟಣ್ ಟಣ್ ಎನ್ನುವ ಡೆಲಿವರಿ ಟ್ಯಾಬು. ಟ್ರಾಫಿಕ್ಕಿನಲ್ಲಿ ಸಿಕ್ಕಿ, ನೊರೆ ಕುಸಿದು, ತಣ್ಣಗಾಗಿಯೇ ತಲುಪುವ ಕ್ಯಾಪುಚಿನೊಗೆ ಮೊದಲ ಮರ್ಯಾದೆ. ಎದುರು ನಿಂತವನು ಎಲ್ಲಿಗೆ ಹೋಗುತ್ತಾನೆ, ದುಡ್ಡು ಕೊಟ್ಟಾಗಿದೆಯಲ್ಲ!

ಅಮೆರಿಕದ ಸ್ಟಾರ್‌ಬಕ್ಸ್‌ಗೆ ಒಮ್ಮೆ ನಾಚಿಕೆಯಾಗಿದ್ದುಂಟು. ವೇಗಕ್ಕೆಂದು ತಂದ ಯಂತ್ರಗಳು ಎಷ್ಟು ಎತ್ತರವೆಂದರೆ ಕಾಫಿ ಮಾಡುವುದು ಗಿರಾಕಿಗೆ ಕಾಣುವುದೇ ಇಲ್ಲ ಎಂದು 2007ರಲ್ಲಿ ಅದರ ಆಗಿನ ಅಧ್ಯಕ್ಷ ಹೋವರ್ಡ್ ಶುಲ್ಟ್ಸ್ ಅವರೇ ಕಂಪನಿಯೊಳಗೆ ಬರೆದಿದ್ದರು. 2008ರ ಫೆಬ್ರುವರಿ 26ರ ಸಂಜೆ ಸುಮಾರು 7,100 ಅಂಗಡಿಗಳ ಬಾಗಿಲು ಹಾಕಿಸಿ ಎಸ್ಪ್ರೆಸೊ ಪಾಠ ನಡೆಯಿತು. ನಮ್ಮ ಮಾಲ್‌ಗಳಲ್ಲೂ ಟ್ರೇನಿಂಗ್ ಇಲ್ಲವೆಂದಲ್ಲ. ಕೌಂಟರಿನಲ್ಲಿ ನಿಂತು ಕೇಳಿ:

‘ಒಂದು ಕ್ಯಾಪುಚಿನೊ.’

‘ಮೊಬೈಲ್ ನಂಬರ್ ಸರ್?’

‘ಬೇಡಪ್ಪ, ಕಾಫಿ ಸಾಕು.’

‘ನಂಬರ್ ಹಾಕದೆ ಬಿಲ್ ಮುಂದಕ್ಕೆ ಹೋಗಲ್ಲ ಸರ್. ಜೊತೆಗೆ ಕುಕೀ ಹಾಕ್ಲಾ? ಇಪ್ಪತ್ತು ರೂಪಾಯಿ ಜಾಸ್ತಿ ಅಷ್ಟೆ, ಲಾರ್ಜ್ ಮಾಡ್ಲಾ?’

ಹೇಳಿದ ಹತ್ತು ಅಂಕಿಯನ್ನು ಆತ ತಿರುಗಿ ಓದಿ ಹೇಳಿ, ಸರಿಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ. ಪುಡಿ ತೂಗುವ ತಕ್ಕಡಿ ಮಾತ್ರ ಸೆಲ್ ಮುಗಿದು, ಸಕ್ಕರೆ ಪೊಟ್ಟಣಗಳ ಕೆಳಗೆ ಸ್ಟ್ಯಾಂಡಿನಂತೆ ಕೂತಿರುತ್ತದೆ.

ಎರಡು ಗುಟುಕು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮೆಸೇಜ್ ಹಾಜರ್: ನಿಮ್ಮ ಅನುಭವ ಹೇಗಿತ್ತು? ಸಂಗೀತಕ್ಕೆ ಎಷ್ಟು ಸ್ಟಾರ್, ವೈಫೈಗೆ ಎಷ್ಟು, ಸಿಬ್ಬಂದಿಯ ನಗುವಿಗೆ ಎಷ್ಟು? ಬೆರಳು ನೋಯುವವರೆಗೆ ಕೆಳಗೆ ಸರಿಸಿದರೂ ಕಾಫಿಯ ಕಾಲಮ್ಮು ಸಿಗುವುದಿಲ್ಲ.