ಭಾವನವರು ಮತ್ತು ಹಳೆಯ ಫೋಟೋಗಳು

ಹಳೆಯ ಫೋಟೋಗಳನ್ನು ಯಾರಿಗೆ ಬೇಕಾದರೂ ತೋರಿಸಬಹುದು, ನಮ್ಮ ಅಕ್ಕನ ಯಜಮಾನರಿಗೆ ಮಾತ್ರ ತೋರಿಸಬಾರದೆಂದು ಮೊನ್ನೆ ಭಾನುವಾರ ತೀರ್ಮಾನಿಸಿದ್ದೇನೆ. ಮೈಸೂರಿನ ಬೀದಿಗಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಅಲೆಯುತ್ತಿದ್ದ ಕಾಲದ ಕಪ್ಪು-ಬಿಳುಪು ಪ್ರಿಂಟುಗಳಿಗೆ ಬೂಷ್ಟು ಹಿಡಿದೀತೆಂದು, ಟ್ರಂಕಿನಿಂದ ತೆಗೆದು ನಡುಮನೆಯಲ್ಲಿ ಹರಡಿದ್ದೆ. ಕಾಫಿಗೆ ಬಂದ ಭಾವನವರು ಕೋಡುಬಳೆ ಮುರಿದ ಕೈಯಲ್ಲೇ ಒಂದನ್ನು ಎತ್ತಿಕೊಂಡರು.

ಅದು ಸಯ್ಯಾಜಿರಾವ್ ರಸ್ತೆಯ ಚಿತ್ರ. ದೇವರಾಜ ಮಾರುಕಟ್ಟೆಯ ಮುಂದೆ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಎಳೆಬಿಸಿಲಿನಲ್ಲಿ ರಸ್ತೆ ದಾಟುತ್ತಿದ್ದಾಳೆ. ರೋಲಿಗೆ 36 ಚಿತ್ರಗಳಷ್ಟೇ ಇದ್ದ ಆ ಕಾಲದಲ್ಲಿ, ಅವಳ ನೆರಳು ಟಾಂಗಾದ ಗಾಲಿಗೆ ತಾಗುವವರೆಗೂ ಉಸಿರು ಬಿಗಿಹಿಡಿದು ಕಾದು ತೆಗೆದದ್ದು. ಭಾವನವರು ಬಿಸಿಲನ್ನೂ ನೋಡಲಿಲ್ಲ, ಹೆಂಗಸನ್ನೂ ನೋಡಲಿಲ್ಲ. “ಆಗ ಇಲ್ಲಿ ಚದರಡಿಗೆ ಎಷ್ಟಿತ್ತಯ್ಯಾ?” ಎಂದರು.

ದೊಡ್ಡ ಗಡಿಯಾರದ ಚಿತ್ರಕ್ಕೆ ಈ ಪ್ರಶ್ನೆ ಬರಲಾರದೆಂದುಕೊಂಡೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿದ ಗೋಪುರವನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದಿಲ್ಲ. ಆದರೆ ಭಾವನವರು ಅದರ ಕನ್ನಡ ಅಂಕಿಗಳ ಮೇಲೆ ಬೆರಳಿಟ್ಟು, “ಹನ್ನೊಂದೂವರೆ. ಹಿಂದೆ ಬ್ಯಾಂಕಿನ ಬಾಗಿಲು ಬೇರೆ ತೆರೆದಿದೆ. ಕೆಲಸದ ದಿನ ಈ ಹೊತ್ತಿನಲ್ಲಿ ನೀನು ಆಫೀಸಿನಲ್ಲಿರಬೇಕಿತ್ತಲ್ಲವೇ?” ಎಂದು ಕೇಳಿದರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಥಟ್ಟನೆ ನಿಂತಿತು.

ಲ್ಯಾನ್ಸ್‌ಡೌನ್ ಕಟ್ಟಡದ ಚಿತ್ರವನ್ನು ನಾನೇ ಕೈಯಲ್ಲಿಟ್ಟುಕೊಂಡೆ. ಕಮಾನಿನ ಕೆಳಗೆ ಹಳೆಯ ಪುಸ್ತಕಗಳ ರಾಶಿಯ ನಡುವೆ ಕುಳಿತ ಮುದುಕರೊಬ್ಬರು, ಗಿರಾಕಿಯನ್ನು ಮರೆತು, ಮಾರಬೇಕಾದ ಪುಸ್ತಕವನ್ನೇ ಓದುತ್ತಿದ್ದಾರೆ. 2012ರಲ್ಲಿ ಕಟ್ಟಡದ ಒಂದು ಭಾಗ ಕುಸಿದು ಜೀವಗಳೂ ಹೋದವು. ಆ ಮುದುಕರ ಹೆಸರನ್ನು ನಾನು ಕೇಳಿರಲೇ ಇಲ್ಲ. ಬೀದಿಯಲ್ಲಿ ಫೋಟೋ ತೆಗೆಯುವವರು ಮುಖಗಳನ್ನು ಮನೆಗೆ ತರುತ್ತಾರೆ, ಹೆಸರುಗಳನ್ನು ಅಲ್ಲೇ ಬಿಟ್ಟು ಬರುತ್ತಾರೆ. ಒಂದು ಕ್ಷಣ ಗಂಟಲು ಕಟ್ಟಿತು. “ಬಾಡಿಗೆ ಎಷ್ಟು ಕೊಡುತ್ತಿದ್ದಿರಬಹುದು?” ಎಂದರು ಭಾವನವರು, ಇನ್ನೊಂದು ಕೋಡುಬಳೆಗೆ ಕೈ ಹಾಕುತ್ತಾ.

ಅವರು ನಿಜವಾಗಿ ಮೈಮರೆತದ್ದು ಚಾಮುಂಡಿ ಬೆಟ್ಟದಿಂದ ತೆಗೆದ ಊರಿನ ಚಿತ್ರದ ಮುಂದೆ. ಕನ್ನಡಕ ತೆಗೆದು, ಪ್ರಿಂಟನ್ನು ಮೂಗಿಗೆ ತಾಗಿಸಿಕೊಂಡು, ಯಾವ ಬಡಾವಣೆ ಆಗ ಬಯಲಾಗಿತ್ತು, ಯಾವ ಸೈಟನ್ನು ಯಾರು ಕೊಡುತ್ತೇನೆಂದರು, ತಾವು ಯಾಕೆ ಬೇಡವೆಂದರು ಎಂಬುದನ್ನೆಲ್ಲ ಕಾಫಿ ಆರಿ ತಣ್ಣಗಾಗುವವರೆಗೂ ವಿವರಿಸಿದರು. ದೊಡ್ಡದೇವರಾಜ ಒಡೆಯರ ಕಾಲದಿಂದ ಆ ಬೆಟ್ಟದಲ್ಲಿ ಕುಳಿತಿರುವ ನಂದಿಯ ಮೇಲೆ ಮಾತ್ರ ಅವರಿಗೆ ಅಪಾರ ಗೌರವ. ಸಕಾಲದಲ್ಲಿ ಜಾಗ ಹಿಡಿಯಿತಂತೆ.

ಕೊನೆಗೆ, “ಇದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿಕೊಡು” ಎಂದರು. ನನ್ನ ಚಿತ್ರವೊಂದಕ್ಕೆ ಕಟ್ಟು ಹಾಕಿಸಬೇಕೆಂದು ನಮ್ಮ ಬಂಧುಗಳಲ್ಲಿ ಯಾರೂ ಈವರೆಗೆ ಕೇಳಿದವರಲ್ಲ. ಕಟ್ಟೆಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿರುವ ಹುಡುಗನೇ ಆ ಚಿತ್ರದ ಜೀವ. ಅವನು ನನ್ನತ್ತ ತಿರುಗಲೆಂದು ಉರಿಬಿಸಿಲಿನಲ್ಲಿ ನಿಂತಿದ್ದೆ. ಕೋಪವೆಲ್ಲ ಇಳಿದು, ಆಗಲಿ ಎಂದೆ.

“ಈ ಹುಡುಗನ ತಲೆಯೊಂದನ್ನು ತೆಗೆಸಿಬಿಡು. ಸರಿಯಾಗಿ ನನ್ನ ಸೈಟಿಗೇ ಅಡ್ಡ ಬಂದಿದ್ದಾನೆ.”